ಮುಳ್ಳಿಲ್ಲದ ಮೀನು

ಸಂಜೆ ಶಾಲೆ ಬಿಟ್ಟು ಮನೆಯ ಕಡೆ ಹೆಜ್ಜೆ ಹಾಕುವ ಹೆಂಗಸಿನ ತಲೆಯಲ್ಲಿ ಯಾವ ಘನವಾದ ವಿಚಾರ ಓಡುತ್ತಿರುತ್ತದೆ ಎಂದು ಗಂಡಸರು ಯಾರಾದರೂ ಯೋಚಿಸಿದ್ದಾರೋ ಇಲ್ಲವೋ ತಿಳಿಯದು. ನನ್ನ ತಲೆಯಲ್ಲಂತೂ ಮೂವತ್ತು ವರ್ಷಗಳಿಂದ ಒಂದೇ ಪ್ರಶ್ನೆ, ರಾತ್ರಿಗೆ ಏನು ಮಾಡಲಿ? ಶಾಲೆ ಇರುವುದು ಹಲಸೂರಿನಲ್ಲಿ, ಮನೆ ಕೆ.ಆರ್. ಪುರದಲ್ಲಿ. ನಡುವೆ ಟಿನ್ ಫ್ಯಾಕ್ಟರಿ. ಅಲ್ಲಿ ಬಸ್ಸು ನಿಂತಿತೆಂದರೆ ಒಂದು ತರಗತಿಯ ಕಿರುಪರೀಕ್ಷೆಯ ಪತ್ರಿಕೆಗಳನ್ನು ಪೂರ್ತಿ ತಿದ್ದಿ ಮುಗಿಸಬಹುದಿತ್ತು. ನಾನು ತಿದ್ದಿದ್ದೇನೆ ಕೂಡ. 2023ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಬೈಯಪ್ಪನಹಳ್ಳಿಯಿಂದ ನಮ್ಮೂರಿಗೂ ಬಂತು, ದಾರಿಯ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಪ್ರಶ್ನೆ ಮಾತ್ರ ನನಗಿಂತ ಮೊದಲೇ ಮನೆ ತಲುಪಿ ಅಡುಗೆಮನೆಯಲ್ಲಿ ಕಾಯುತ್ತಿರುತ್ತದೆ.

ನಮ್ಮ ಮನೆಯಲ್ಲಿ ಈಗ ಮೂರು ಜನ. ನಿವೃತ್ತರಾದ ಯಜಮಾನರು, ನಾನು, ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆ. ಅತ್ತೆಯ ತವರು ಕುಂದಾಪುರದ ಹತ್ತಿರದ ಗಂಗೊಳ್ಳಿ. ಮದುವೆಯಾಗಿ ಹೋದದ್ದು ಬೊಂಬಾಯಿಗೆ. ಮಾವನವರು ಅಲ್ಲಿ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿದ್ದರು. 1982ರ ಜನವರಿಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತಲ್ಲ, ಅದು ಮುಗಿಯುತ್ತದೆಂದು ಒಂದು ವರ್ಷ ಕಾದು, ಕೊನೆಗೆ ಪಾತ್ರೆ ಪಗಡೆ ಕಟ್ಟಿಕೊಂಡು ಊರಿಗೆ ಮರಳಿದವರು ಅವರು. ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದರು. ಹಾಗಾಗಿ ಅತ್ತೆಯ ಮಾತಿನಲ್ಲಿ ಕುಂದಾಪುರವೂ ಇದೆ, ಬೊಂಬಾಯಿಯೂ ಇದೆ. ಮೀನಿನ ವಿಷಯ ಬಂದಾಗ ಎರಡೂ ಒಟ್ಟಿಗೆ ಹೊರಡುತ್ತವೆ. ಅಂಜಲ್, ಕಾಣೆ, ಬಂಗುಡೆಯೆಲ್ಲ ಗಂಗೊಳ್ಳಿಯ ಲೆಕ್ಕ. ಬೊಂಬಾಯಿಯ ಲೆಕ್ಕದಲ್ಲಿ ಇರುವುದು ಒಂದೇ, ರಾವಸ್. ತಿಂಗಳ ಸಂಬಳದ ದಿನ ಮಾವ ಒಂದು ತುಂಡು ರಾವಸ್ ತರುತ್ತಿದ್ದರಂತೆ. ಒಂದೇ ತುಂಡು, ಐದು ಜನಕ್ಕೆ.

ನಾನು ಹೊಸಕೋಟೆ ಕಡೆಯವಳು. ನಮಗೆ ಮೀನೆಂದರೆ ಕೆರೆ ಕೋಡಿ ಬಿದ್ದಾಗಲೋ ಕೆರೆ ಬತ್ತಿದಾಗಲೋ ಸಿಗುವ ಮೀನು, ಹುಣಿಸೆಹುಳಿ ಬಿಟ್ಟ ಸಾರು, ಮುದ್ದೆ. 1993ರಲ್ಲಿ ಈ ಮನೆಗೆ ಬಂದಾಗ ನನಗೆ ಬಂಗುಡೆಯನ್ನು ಎಲ್ಲಿಂದ ಕೊಯ್ಯಬೇಕೆಂದೂ ಗೊತ್ತಿರಲಿಲ್ಲ. ಕಿವಿರು ಎತ್ತಿ ನೋಡುವುದು, ಬೆರಳಿನಿಂದ ಒತ್ತಿ ಗುಳಿ ನಿಲ್ಲುತ್ತದೆಯೋ ಪುಟಿಯುತ್ತದೆಯೋ ಪರೀಕ್ಷಿಸುವುದು, ಬ್ಯಾಡಗಿ ಮೆಣಸಿನಕಾಯಿಯನ್ನು ತೆಂಗಿನಕಾಯಿಯ ಜೊತೆ ಎಷ್ಟು ನುಣ್ಣಗೆ ಅರೆಯಬೇಕೆಂಬುದು, ಎಲ್ಲವನ್ನೂ ಅತ್ತೆಯೇ ಕಲಿಸಿದರು. ಮೀನು ತಿನ್ನುವವರಿಗೆ ನಾಲಿಗೆಯಲ್ಲೇ ಕಣ್ಣಿರಬೇಕು ಎನ್ನುತ್ತಿದ್ದರು. ನನ್ನ ಬಿ.ಎಡ್. ತರಬೇತಿಯಲ್ಲಿಯೂ ಅಷ್ಟು ಶಿಸ್ತಾಗಿ ಯಾರೂ ಪಾಠ ಮಾಡಿರಲಿಲ್ಲ.

ಆ ಕಣ್ಣಿಗೂ ವಯಸ್ಸಾಗುತ್ತದೆಂಬುದನ್ನು ನಾನು ಮರೆತೆ.

ಜುಲೈ ತಿಂಗಳ ಒಂದು ಮಂಗಳವಾರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆಗ ಬೆಂಗಳೂರಿನಲ್ಲಿ ಕಡಲ ಮೀನಿನ ಬೆಲೆ ಏರುತ್ತದೆ, ಸಿಕ್ಕಿದ್ದೂ ಹೆಚ್ಚಾಗಿ ಐಸಿನಲ್ಲಿ ಬಹಳ ದಿನ ಮಲಗಿದ್ದು. ಆ ಸಂಜೆ ಶಾಲೆಯಲ್ಲಿ ಪೋಷಕರ ಸಭೆ ಮುಗಿಸಿ ಸುಸ್ತಾಗಿ ಬರುವಾಗ ದಾರಿಯಲ್ಲಿ ತಾಜಾ ಕಾಟ್ಲಾ ಕಂಡಿತು. ನನ್ನ ತವರಿನ ಕೆರೆಯ ಮೀನು. ಬೇಗ ಆಗುತ್ತದೆ ಎಂದು ತಂದೆ, ಅವಸರದಲ್ಲೇ ಸಾರು ಮಾಡಿದೆ. ಕಾಟ್ಲಾ, ರೋಹು ಇಂಥ ಮೀನುಗಳಲ್ಲಿ ನಡುಮೂಳೆಯಲ್ಲದೆ ಮಾಂಸದ ಒಳಗೇ ಕವಲುಮುಳ್ಳುಗಳು ಇರುತ್ತವೆ, ಚಾಟರಬಿಲ್ಲಿನ ಕವೆಯ ಹಾಗೆ. ನಾವು ಹುಟ್ಟಿನಿಂದ ತಿಂದವರು, ಬೆರಳಿಗೇ ಗೊತ್ತಾಗುತ್ತದೆ. ಅಂಜಲ್, ಕಾಣೆ ತಿಂದ ಬಾಯಿಗೆ ಅದರ ಅಭ್ಯಾಸವಿಲ್ಲ. ಬೇರೆ ದಿನವಾದರೆ ಅತ್ತೆಯ ತಟ್ಟೆಯ ತುಂಡನ್ನು ನಾನು ಬಿಡಿಸಿ ಕೊಡುತ್ತಿದ್ದೆ. ಆ ದಿನ ಬಡಿಸಿ, ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿ ಕುಳಿತೆ.

ಮುಳ್ಳು ಸಿಕ್ಕಿಕೊಂಡಿತು. ಮನೆಮನೆಯಲ್ಲೂ ಮಾಡುವ ಹಾಗೆ ನಾವೂ ಅನ್ನದ ಉಂಡೆ ನುಂಗಿಸಿದೆವು, ಬಾಳೆಹಣ್ಣು ನುಂಗಿಸಿದೆವು. ನೋವು ಇಳಿಯುವ ಬದಲು ಹೆಚ್ಚಿತು. ರಾತ್ರಿಯೆಲ್ಲ ಅವರು ಗೋಡೆಗೊರಗಿ ಕುಳಿತೇ ಇದ್ದರು, ಎಂಜಲು ನುಂಗಲಾಗದೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಾ. ಬೆಳಿಗ್ಗೆ ಆಸ್ಪತ್ರೆಯಲ್ಲಿ ವೈದ್ಯರು ಕೊಳವೆ ಇಳಿಸಿ ತೆಗೆದರು. ಅನ್ನದ ಉಂಡೆ ಕೊಟ್ಟದ್ದಕ್ಕೆ ಚೆನ್ನಾಗಿ ಬೈದರು. ಹಾಗೆ ತಳ್ಳಿದರೆ ಮುಳ್ಳು ಇನ್ನೂ ಆಳಕ್ಕೆ ನಾಟುತ್ತದೆ, ಅನ್ನನಾಳವೇ ತೂತಾಗಬಹುದು, ಮುಳ್ಳು ಸಿಕ್ಕಿತೆನಿಸಿದರೆ ಏನನ್ನೂ ನುಂಗಿಸದೆ ಕರೆದುಕೊಂಡು ಬನ್ನಿ ಎಂದರು. ಈ ಮಾತನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಳ್ಳನ್ನು ಒಂದು ಪುಟ್ಟ ಸೀಸೆಯಲ್ಲಿ ಹಾಕಿ ಕೊಟ್ಟಿದ್ದರು. ನಾನು ಅದನ್ನು ಎಸೆಯಲಿಲ್ಲ. ಯಾಕೆಂದು ಕೇಳಿದರೆ ಹೇಳಲು ನನಗೆ ಬರುವುದಿಲ್ಲ.

ಅಲ್ಲಿಂದ ಮುಂದೆ ಎಂಟು ತಿಂಗಳು ನಮ್ಮ ಮನೆಯಲ್ಲಿ ಮೀನಿಲ್ಲ. ಅತ್ತೆ ಬೇಡವೆಂದರು, ಅವರೆದುರು ತಿನ್ನಲು ನಮಗೆ ಮನಸ್ಸಾಗಲಿಲ್ಲ. ಮೊಸರನ್ನ ಕಲಸಿ ನಾಲ್ಕು ತುತ್ತು ಉಂಡು ಏಳುತ್ತಿದ್ದರು. ರವಿಕೆಯ ತೋಳು ಸಡಿಲಾಗತೊಡಗಿತು. ಅವರು ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ನಾನೂ ನಾಲ್ಕು ಮಾತು ಹೇಳಿ ಹಗುರಾಗಬಹುದಿತ್ತು.

ಮಗಳು ಡಬ್ಲಿನ್‌ನಲ್ಲಿದ್ದಾಳೆ. ಕೆಲಸದಿಂದ ಬಂದು ಅವಳು ಮಾಡುವ ರಾತ್ರಿಯೂಟವನ್ನು ಒಂದು ದಿನ ಫೋನಿನಲ್ಲೇ ತೋರಿಸಿದಳು. ತಟ್ಟೆಯಲ್ಲಿ ತರಕಾರಿ ಹರಡಿ, ಮೇಲೆ ಸಾಲ್ಮನ್ ಮೀನಿನ ತುಂಡಿಟ್ಟು ಓವನ್ನಿಗೆ ತಳ್ಳಿದಳು. ಅರೆಯುವುದಿಲ್ಲ, ಹುರಿಯುವುದಿಲ್ಲ, ಒಲೆ ಮುಂದೆ ನಿಲ್ಲುವುದೂ ಇಲ್ಲ. "ಅಮ್ಮ, ಇದರಲ್ಲಿ ಮುಳ್ಳೇ ಇರಲ್ಲ, ಅಜ್ಜಿಗೆ ಮಾಡಿಕೊಡು" ಎಂದಳು. ಅವಳು ಪಿಯುಸಿಯಲ್ಲಿದ್ದಾಗ ಕೇಕು ಮಾಡುವ ಹುಚ್ಚಿನಲ್ಲಿ ಕೊಡಿಸಿಕೊಂಡ ಓವನ್ನು ಅಟ್ಟದ ಮೇಲಿತ್ತು. ಇಳಿಸಿ ಒರೆಸಿದೆ. ಓವನ್ನಿನ ಬಗ್ಗೆ ಸಂಕೋಚ ಬಿಡಿಸಿದವರು ನಮ್ಮ ಶಾಲೆಯ ಡ್ರಿಲ್ ಟೀಚರು. ದಂಡಿನ ಹಳೆಯ ಕ್ರೈಸ್ತ ಮನೆತನದವರು. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿ ಓವನ್ನಿರಲಿಲ್ಲವಂತೆ. ಕ್ರಿಸ್‌ಮಸ್ ಬಂದರೆ ಕೇಕಿನ ಹಿಟ್ಟು ಕಲಸಿ, ತಟ್ಟೆಗೆ ಹೆಸರಿನ ಚೀಟಿ ಅಂಟಿಸಿ, ಬೀದಿಯ ಬೇಕರಿಯ ಸೌದೆ ಒಲೆಗೆ ಕೊಟ್ಟು ಬರುತ್ತಿದ್ದರಂತೆ. "ಮೀನೂ ಅಷ್ಟೇ ಮೇಡಂ, ಕೇಕಿಗಿಂತ ಸುಲಭ" ಎಂದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋದೆ. 1927ರಲ್ಲಿ ಬ್ರಿಟಿಷರು ಕಟ್ಟಿಸಿದ ಕಟ್ಟಡ; 2012ರ ಬೆಂಕಿಯಲ್ಲಿ ಬೆಂದೂ ಎದ್ದು ನಿಂತದ್ದು. ಮೀನಿನ ಅಂಗಡಿಯಲ್ಲಿ ಸಾಲ್ಮನ್ ಇದೆಯೇ ಎಂದು ಕೇಳಿದರೆ, ಮುದುಕರೊಬ್ಬರು ಒಂದು ದೊಡ್ಡ ಬೆಳ್ಳಿ ಬಣ್ಣದ ಮೀನೆತ್ತಿ "ಇದೇ ಅಮ್ಮಾ ಸಾಲ್ಮನ್" ಎಂದರು. ನೋಡಿದರೆ ರಾವಸ್! ಅದಕ್ಕೆ ಪೇಟೆಯಲ್ಲಿ ಇಂಡಿಯನ್ ಸಾಲ್ಮನ್ ಎನ್ನುತ್ತಾರೆ. ತಮಿಳಿನವರು ಕಾಲಾ ಮೀನು ಎನ್ನುತ್ತಾರೆ. ಆಮೇಲೆ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಎರಡಕ್ಕೂ ಸ್ನಾನಸೂತಕದ ಸಂಬಂಧವೂ ಇಲ್ಲವಂತೆ. ರಾವಸಿನ ಎದೆಯ ರೆಕ್ಕೆಯ ಕೆಳಗೆ ನಾಲ್ಕು ನಾಲ್ಕು ದಾರದಂಥ ಎಳೆಗಳಿರುತ್ತವೆ, ಅದರ ಕುಲವೇ ಬೇರೆ. ಸಾಲ್ಮನ್ ತಣ್ಣೀರಿನ ಮೀನು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ನಾರ್ವೆಯ ಕಡಲಿನಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ್ದು. ಅದರ ಕಿತ್ತಳೆ ಬಣ್ಣ ಕೂಡ ತಿಂದ ಆಹಾರದಿಂದ ಬಂದದ್ದು. ಕಾಡಿನದು ಸಿಗಡಿಯಂಥ ಜೀವಿಗಳನ್ನು ತಿಂದು ಕೆಂಪಾಗುತ್ತದೆ, ಸಾಕಿದ್ದಕ್ಕೆ ಆ ಬಣ್ಣದ ಅಂಶವನ್ನು ಮೇವಿನಲ್ಲೇ ಬೆರೆಸುತ್ತಾರೆ. ಬ್ರಿಟಿಷರು ಊರು ಬಿಟ್ಟು ಬಂದ ಬೇಸರಕ್ಕೆ ನಮ್ಮ ಮೀನಿಗೆ ತಮ್ಮ ಮೀನಿನ ಹೆಸರಿಟ್ಟಿರಬೇಕು. ಅವರನ್ನು ತಪ್ಪೆನ್ನಲಾರೆ. ಹೊಸಕೋಟೆ ಬಿಟ್ಟು ಬಂದ ನಾನು ಕಾಟ್ಲಾ ಕಂಡು ನಿಂತವಳಲ್ಲವೇ?

ರಾವಸನ್ನೇ ಕೊಳ್ಳಬಹುದಿತ್ತು. ಆದರೆ ಕಿವಿರು ಎತ್ತಿದರೆ ಕಂದು ಬಣ್ಣ. ಬೆರಳಿಟ್ಟರೆ ಗುಳಿ ನಿಂತಿತು. ಅತ್ತೆಯ ಶಿಷ್ಯೆ ಅಂಥದ್ದನ್ನು ತರುವುದುಂಟೇ? ಇಂದಿರಾನಗರದ ಒಂದು ಅಂಗಡಿಯಲ್ಲಿ ಸಾಲ್ಮನ್ ಸಿಕ್ಕಿತು. ಅರ್ಧ ಕಿಲೋಗೆ ಸಾವಿರ ರೂಪಾಯಿಗೂ ಮೇಲೆ. ಶಕ್ತಿ ಯೋಜನೆ ಬಂದು ಬಸ್ಸಿಗೆ ಟಿಕೇಟಿಲ್ಲವೆಂದು ಉಳಿಸಿದ ಹಣವನ್ನೆಲ್ಲ ಕೂಡಿಸಿಕೊಂಡರೂ ಸಾಲದು.

ಮುಳ್ಳೇ ಇಲ್ಲವೆಂದ ಮಗಳ ಮಾತನ್ನು ನಾನು ನಂಬಲಿಲ್ಲ. ಒಮ್ಮೆ ಸುಟ್ಟ ಕೈ. ತುಂಡಿನ ಮೇಲೆ ಬೆರಳಾಡಿಸುತ್ತಾ ಹೋದರೆ ನಡುವೆ ಸಾಲಾಗಿ ಗುಂಡುಸೂಜಿಯಂಥವು ಚುಚ್ಚಿದವು! ಹುಬ್ಬು ತಿದ್ದುವ ಚಿಮಟವೊಂದನ್ನು ಹೊಸದಾಗಿ ತಂದು, ಕನ್ನಡಕ ಏರಿಸಿ, ಮುಳ್ಳು ಹೇಗೆ ಬಾಗಿದೆಯೋ ಆ ದಿಕ್ಕಿಗೇ ಒಂದೊಂದನ್ನೂ ಎಳೆದು ತೆಗೆದೆ. ಹನ್ನೊಂದು ಸಿಕ್ಕವು. ಮತ್ತೆ ಎರಡು ಸಲ ಬೆರಳಾಡಿಸಿದೆ. ಜನ್ಮದಲ್ಲಿ ಹುಬ್ಬು ತಿದ್ದಿಸಿಕೊಳ್ಳದ ನನ್ನ ಮನೆಯಲ್ಲಿ ಚಿಮಟ ಕಂಡು ಯಜಮಾನರು ಒಂದು ಥರಾ ನೋಡಿದರು.

ಉಳಿದದ್ದೆಲ್ಲ ಸುಲಭ. ಆಲೂಗಡ್ಡೆ, ಗಜ್ಜರಿ, ಹುರುಳಿಕಾಯಿ, ಒಂದು ಸೀಮೆಬದನೆ. ಇವುಗಳಲ್ಲಿ ಒಂದೂ ನಮ್ಮಜ್ಜಿ ತಿಥಿಯ ಅಡುಗೆಗೆ ಸೇರಿಸುತ್ತಿರಲಿಲ್ಲ, ಅದೆಲ್ಲ ಇಂಗ್ಲಿಷಿನವರ ತರಕಾರಿ ಎನ್ನುತ್ತಿದ್ದಳು. ಎಲ್ಲವನ್ನೂ ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಓವನ್ನನ್ನು ಹತ್ತು ನಿಮಿಷ ಮೊದಲೇ ಇನ್ನೂರು ಡಿಗ್ರಿಗೆ ಕಾಯಿಸಿ ಒಳಗಿಡಬೇಕು. ತರಕಾರಿ ಮುಕ್ಕಾಲು ಬೇಯಲು ಇಪ್ಪತ್ತೈದು ನಿಮಿಷ ಬೇಕು. ಮೀನನ್ನೂ ಜೊತೆಗೇ ಇಟ್ಟರೆ ಅದು ತೊಗಲಾಗುತ್ತದೆ. ಮಾಂಸದಲ್ಲಿರುವಂಥ ಗಟ್ಟಿ ನಾರು ಮೀನಿನಲ್ಲಿಲ್ಲ, ಆದ್ದರಿಂದ ಅದಕ್ಕೆ ಹನ್ನೆರಡರಿಂದ ಹದಿನೈದು ನಿಮಿಷ ಧಾರಾಳ. ಅರಿಸಿನ, ಉಪ್ಪು, ನಿಂಬೆರಸ, ಸ್ವಲ್ಪ ಬ್ಯಾಡಗಿ ಪುಡಿ ಹಚ್ಚಿಟ್ಟಿದ್ದ ಮೀನನ್ನು ಆಗ ಮೇಲಿಟ್ಟೆ. ಚಮಚದಿಂದ ಒತ್ತಿದರೆ ಪದರ ಪದರವಾಗಿ ಬಿಟ್ಟುಕೊಂಡರೆ ಆಯಿತೆಂದು ಅರ್ಥ. ಮೇಲೆ ಬಿಳಿಯ ಮೊಸರಿನಂಥದ್ದು ಉಕ್ಕಿದರೆ ಹೊತ್ತು ಮೀರಿತು. ನನ್ನದು ಮೊದಲ ಸಲ ಉಕ್ಕಿತ್ತು. ಆ ಮುಕ್ಕಾಲು ಗಂಟೆಯಲ್ಲಿ ನಾನು ಸೀರೆ ಬದಲಿಸಿ, ಕಾಲು ತೊಳೆದು, ಹತ್ತು ಪತ್ರಿಕೆ ತಿದ್ದಿದ್ದೆ ಎಂಬುದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ತಟ್ಟೆಯ ಮುಂದೆ ಕುಳಿತು "ಎಂತ ಮೀನ್?" ಎಂದರು. ವಿದೇಶದ ಮೀನೆಂದರೆ ಮುಟ್ಟುವುದಿಲ್ಲ. ನನ್ನ ಬಾಯಿಂದ "ರಾವಸ್, ಅತ್ತೆ" ಎಂದು ಬಂದೇಬಿಟ್ಟಿತು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು, ಮಾರುಕಟ್ಟೆಯ ಮುದುಕರೇ ಎರಡೂ ಒಂದು ಎಂದಿಲ್ಲವೇ ಎಂದು ಒಳಗೇ ವಕಾಲತ್ತು ಮಾಡಿಕೊಂಡೆ. ಅವರ ಕಣ್ಣಿಗೆ ಬಣ್ಣ ಅಷ್ಟಾಗಿ ತಿಳಿಯುವುದಿಲ್ಲ, ಅರಿಸಿನ ಬೇರೆ ಇತ್ತು. ಒಂದು ಎಸಳು ಬಾಯಿಗಿಟ್ಟು ಬಹಳ ಹೊತ್ತು ನಾಲಿಗೆಯಲ್ಲಿ ಹೊರಳಿಸಿದರು. ಮುಳ್ಳಿಗಾಗಿ ಹುಡುಕುತ್ತಿದ್ದರು. ನಾನು ಉಸಿರು ಬಿಗಿ ಹಿಡಿದು ಅವರ ಗಂಟಲನ್ನೇ ನೋಡುತ್ತಿದ್ದೆ. ನುಂಗಿದರು. ಇನ್ನೊಂದು ಎಸಳು ತೆಗೆದುಕೊಂಡರು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಸೀಮೆಬದನೆ ಮಾತ್ರ.

ಅಲ್ಲಿಂದ ಬುಧವಾರ ನಮ್ಮ ಮನೆಯಲ್ಲಿ "ರಾವಸ್" ಎಂದಾಯಿತು. ಆ ದಿನ ಸಂಜೆ ಅವರು ಬೊಂಬಾಯಿಯ ಮಾತಾಡುತ್ತಿದ್ದರು. ಮಾವ ತರುತ್ತಿದ್ದ ತುಂಡು, ಚಾಳಿನ ನೆರೆಯವರಿಗೆ ಕಳಿಸುತ್ತಿದ್ದ ಬಟ್ಟಲು ಸಾರು, ಮುಷ್ಕರದ ವರ್ಷ ಮೀನಿನ ಪೇಟೆಯ ದಾರಿಯನ್ನೇ ತಪ್ಪಿಸಿ ಸುತ್ತಿಕೊಂಡು ಬರುತ್ತಿದ್ದುದು. ಮೂವತ್ತು ವರ್ಷ ಒಟ್ಟಿಗಿದ್ದೂ ಈ ಕೊನೆಯದನ್ನು ನಾನು ಕೇಳಿರಲಿಲ್ಲ.

ಮೇ ತಿಂಗಳ ರಜೆಯಲ್ಲಿ ಒಂದು ಬೆಳಿಗ್ಗೆ ಬೇಗ ರಸೆಲ್ ಮಾರುಕಟ್ಟೆಗೆ ಹೋದಾಗ ನಿಜವಾದ, ಕಿವಿರು ಕೆಂಪಗಿರುವ ರಾವಸ್ ಸಿಕ್ಕಿತು. ಅದೇ ಮುದುಕರು ನಡುಮೂಳೆ ತೆಗೆದು ಕೊಟ್ಟರು. ಮನೆಯಲ್ಲಿ ಅದೇ ಮಸಾಲೆ, ಅದೇ ತರಕಾರಿ, ಅದೇ ತಟ್ಟೆ. ಸುಳ್ಳು ಕೊನೆಗೂ ನಿಜವಾಯಿತೆಂದು ನೆಮ್ಮದಿಯಿಂದ ಬಡಿಸಿದೆ. ಅತ್ತೆ ಮೊದಲ ಎಸಳನ್ನು ಬಾಯಿಗಿಟ್ಟವರು ಹಾಗೇ ನಿಂತರು. ಕಣ್ಣು ಮುಚ್ಚಿದರು.

"ಇದ್ ರಾವಸ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಂಗಾರೆ ಇಷ್ಟ್ ದಿನ ತಿಂದದ್ದ್ ಎಂತದ್ ಹೆಣೆ?"

ಎಲ್ಲ ಹೇಳಿದೆ. ನಾರ್ವೆಯನ್ನೂ ಹೇಳಿದೆ, ಚಿಮಟವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಜುಲೈ ತಿಂಗಳ ಆ ಮಂಗಳವಾರಕ್ಕೂ ಬಂದೆ, ಬಿಡಿಸಿಕೊಡದೆ ಪತ್ರಿಕೆ ಹಿಡಿದು ಕುಳಿತದ್ದಕ್ಕೆ. ಸೀಸೆ ತಂದು ತೋರಿಸಿದೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು.

"ಆ ಹೊರಗಿನ ಮೀನಿಗೆ ದುಡ್ಡ್ ಎಷ್ಟ್?" ಎಂದು ಕೇಳಿದರು.

ನಾನು ಅರ್ಧ ಹೇಳಿದೆ.

"ಅಷ್ಟ್ ದುಡ್ಡ್ ಕೊಟ್ಟ್, ಚೀಪುಕೆ ಒಂದ್ ಮುಳ್ಳೂ ಇಲ್ಯಾ ಮಾರಾಯ್ತಿ!" ಎಂದು ಅತ್ತೆ ರಾವಸಿನ ಇನ್ನೊಂದು ತುಂಡಿಗೆ ಕೈ ಚಾಚಿದರು.