ಹೆಡ್ಡು ಹೋಗಿರಲಿಲ್ಲ

ಪಿಯುಸಿ ಫಲಿತಾಂಶ ಬಂದ ದಿನ ಸಿಹಿತಿಂಡಿ ಅಂಗಡಿಗಳಷ್ಟೇ ಬಿಡುವಿಲ್ಲದ ಇನ್ನೊಂದು ಜಾಗವೆಂದರೆ ಬ್ಯಾನರ್ ಮುದ್ರಿಸುವ ಅಂಗಡಿ. ಮರುದಿನ ಬೆಳಗಾಗುವುದರೊಳಗೆ ಕಾಲೇಜುಗಳ ಗೇಟಿನ ಮೇಲೆಲ್ಲ ‘ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’ ನಗುತ್ತಿರಬೇಕು. ದಾವಣಗೆರೆಯ ಓಣಿಯೊಂದರಲ್ಲಿರುವ ಅಂಥ ಅಂಗಡಿಯಲ್ಲಿ ಆ ರಾತ್ರಿ ಯಂತ್ರದ ಮುಂದೆ ನಿಂತಿದ್ದವನು ಹತ್ತೊಂಬತ್ತರ ಹುಡುಗ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆಟೋ ಓಡಿಸುವ ಅವನ ಅಪ್ಪ, ಮಗನನ್ನು ಇಲ್ಲಿಗೆ ಸೇರಿಸಲು ಬಂದ ದಿನ ಯಜಮಾನರಿಗೆ ಹೇಳಿದ್ದು ಇಷ್ಟೇ: “ಇವಂಗೆ ತಲೆ ಓಡಂಗಿಲ್ರಿ. ಕೈಕೆಲ್ಸ ಏನಾರ ಕಲಿಸ್ರಿ.”

ಯಂತ್ರವೇನೂ ಸಣ್ಣದಲ್ಲ. ಹತ್ತು ಅಡಿ ಅಗಲದ ಸುರುಳಿಯನ್ನು ಒಂದು ಕಡೆಯಿಂದ ನುಂಗಿ, ಇನ್ನೊಂದು ಕಡೆ ಬಣ್ಣ ಬಣ್ಣವಾಗಿ ಹೊರಹಾಕುವ ರಾಕ್ಷಸ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೆ ಈ ಅಂಗಡಿಯವರು ಬಟ್ಟೆಯ ಬ್ಯಾನರಿಗೆ ಹೊರಳಿದ್ದಾರೆ. ಬಟ್ಟೆ ಯಾವುದಾದರೇನು, ಇಂಕು ಸುರಿಸುವ ಕೆಲಸ ‘ಹೆಡ್’ ಎಂಬ ಭಾಗದ್ದು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಬೆಲೆ ಮಾತ್ರ ಹತ್ತಾರು ಸಾವಿರ.

ರಾತ್ರಿ ಹನ್ನೊಂದಕ್ಕೆ ಮೊದಲ ಬ್ಯಾನರ್ ಹೊರಬರತೊಡಗಿತು. ಮೇಲಿನ ಸಾಲಿನ ವಿದ್ಯಾರ್ಥಿಗಳು ಚೆನ್ನಾಗಿಯೇ ಮೂಡಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕಪ್ಪು ಬಣ್ಣ ತೆಳುವಾಯಿತು. ಮೂರನೆಯ ಸಾಲಿನವರೆಲ್ಲ ಕೆಂಚುಗೂದಲಿನ ವಿದೇಶಿಯರಾಗಿಬಿಟ್ಟರು! ಮುಖದ ಮೇಲೆ ಬಿಳಿ ಗೆರೆಗಳು ಬೇರೆ.

ಯಜಮಾನರು ಗಾಬರಿಯಾಗಿ ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದರು. ಆ ಕಡೆಯಿಂದ ಉತ್ತರ ತಕ್ಷಣ ಬಂತು: “ಕಪ್ಪಿನ ಹೆಡ್ ಹೋಗಿದೆ. ಬೆಂಗಳೂರಿಂದ ಹೊಸದು ತರಿಸಿ.” ನೋಡದೆಯೇ ಕೊಟ್ಟ ತೀರ್ಪು.

ಹೆಡ್ ಎಂದರೇನೆಂದು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ವಿದ್ಯುತ್ತು ಹರಿಸಿದರೆ ಹರಳಿನ ಆಕಾರ ಬದಲಾಗುವುದೂ ಮುಂದೆ ಖಚಿತವಾಯಿತು. ಈ ಯಂತ್ರದ ಹೆಡ್ಡು ನಡೆಯುವುದು ಈ ಎರಡನೆಯ ಗುಣದಿಂದ. ಅದರೊಳಗಿನ ಕಾಲುವೆಗಳ ಗೋಡೆ ಸೆಕೆಂಡಿಗೆ ಸಾವಿರಾರು ಬಾರಿ ಬಾಗಿ, ಕೂದಲಿಗಿಂತ ಸಣ್ಣ ರಂಧ್ರಗಳಿಂದ ಇಂಕಿನ ಹನಿಗಳನ್ನು ಚಿಮ್ಮಿಸುತ್ತದೆ. ಒಂದೊಂದು ಹೆಡ್ಡಿನಲ್ಲಿ ಇಂಥ ನೂರಾರು ರಂಧ್ರಗಳು. ಅಂಗಡಿಯವರ ಬಾಯಲ್ಲಿ ಇವು ‘ನಾಝಲ್’.

ಬಿಳಿ ಗೆರೆಗೆ ಕಾರಣ ಒಂದೇ ಅಲ್ಲ. ಬಟ್ಟೆ ಬೇಕಾದ್ದಕ್ಕಿಂತ ಹೆಚ್ಚು ಮುಂದೆ ಸರಿದರೆ ಎರಡು ಪಟ್ಟಿಗಳ ನಡುವೆ ಬಿಳಿ ಸಂದು ಬೀಳುತ್ತದೆ. ಕಡಿಮೆ ಸರಿದರೆ ಒಂದರ ಮೇಲೊಂದು ಬಿದ್ದು ಕಪ್ಪು ಗೆರೆ. ನಾಝಲ್ ಕಟ್ಟಿಕೊಂಡರೂ ಬಿಳಿ ಗೆರೆಯೇ. ಇದನ್ನು ತಿಳಿಯಲು ‘ನಾಝಲ್ ಚೆಕ್’ ಇದೆ. ಪ್ರತಿ ನಾಝಲೂ ಒಂದೊಂದು ಪುಟ್ಟ ಗೆರೆ ಎಳೆದು ಶಾಲೆಯ ಹಾಜರಿಯಂತೆ ‘ಇದ್ದೇನೆ’ ಎನ್ನುತ್ತದೆ.

ಹುಡುಗ ಹಾಜರಿ ತೆಗೆದ. ಕಪ್ಪಿನ ಹೆಡ್ಡಿಗೆ ಇಂಕು ಹಾಯಿಸಿದ ಕೂಡಲೇ ಎಲ್ಲ ಗೆರೆಗಳೂ ಹಾಜರ್. ಎರಡು ಅಡಿ ಮುದ್ರಿಸಿ ಮತ್ತೆ ನೋಡಿದ, ಅಲ್ಲಲ್ಲಿ ಗೈರು. ಇನ್ನೊಂದು ಸಲ ನೋಡಿದರೆ ಗೈರಾದ ಜಾಗಗಳೇ ಬೇರೆ.

“ಸಾವ್ಕಾರ್ರೆ, ಹೆಡ್ ಹೋಗಿಲ್ರಿ,” ಎಂದ.

“ನಿಂಗೇನು ಗೊತ್ತಾಗ್ತತೋ? ವೋಲ್ಟೇಜ್ ಏರಿಸು, ಸ್ಪೀಡ್ ಇಳಿಸು, ಏನಾರ ಮಾಡು!”

“ಎಲ್ಡೂ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಸರಿ ಆತು ಅಂತ ಗೊತ್ತಾಗಲ್ರಿ. ಸತ್ತಿದ್ದ ನಾಝಲ್ ಒಂದೇ ಕಡೆ ಗೈರಾಗ್ಬೇಕು. ಇವು ಬಂದು ಬಂದು ಹೋಗ್ತವೆ. ಹೆಡ್ಡಿಗೆ ಇಂಕು ಸಾಲ್ತಿಲ್ಲ. ಹಸಿದೈತಿ ಅದು.”

ಹೀಗೆಂದವನೇ ಹೆಡ್ಡಿನ ಗೊಡವೆಗೇ ಹೋಗದೆ ಇಂಕಿನ ದಾರಿ ಹಿಡಿದ. ಟ್ಯಾಂಕು ತುಂಬಿತ್ತು. ಪಂಪು ಸದ್ದು ಮಾಡುತ್ತಿತ್ತು. ಕೊಳವೆ ಎಲ್ಲೂ ಮಡಚಿರಲಿಲ್ಲ. ಉಳಿದದ್ದು ನಡುವಿನ ಫಿಲ್ಟರ್. ಬಿಚ್ಚಿದರೆ ಒಳಗೆ ಕಾಫಿ ಚರಟದಂಥ ಕಪ್ಪು ಗಸಿ! ಯಾವಾಗಲೋ ಅವಸರದಲ್ಲಿ ಯಾರೋ ಕ್ಯಾನನ್ನು ಅಲುಗಾಡಿಸದೆ ತಳದ ಇಂಕನ್ನೆಲ್ಲ ಸುರಿದಿದ್ದರು. ಕಪಾಟಿನಲ್ಲಿದ್ದ ಹೊಸ ಫಿಲ್ಟರ್ ಹಾಕಿ, ಕೊಳವೆಯ ಗಾಳಿ ತೆಗೆದು ಓಡಿಸಿದಾಗ ಗಂಟೆ ಒಂದೂವರೆ. ಮೂರನೆಯ ಸಾಲಿನವರಿಗೂ ಕರಿಗೂದಲು ಬಂತು. ಖರ್ಚಾದದ್ದು ಕೆಲವು ನೂರು ರೂಪಾಯಿ.

ಯಜಮಾನರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಕೇಳಿದರು: “ಅಲ್ಲಪ್ಪಾ, ಸಾವಿರ ಮಿಲಿಮೀಟರ್ ಸರಿಯೋ ಬಟ್ಟೆ 1004 ಸರಿದ್ರೆ ಎಷ್ಟು ಇಳಿಸ್ಬೇಕು ಅಂತ ದಿನಾ ಬಾಯಲ್ಲೇ ಲೆಕ್ಕ ಹಾಕ್ತೀಯ. ಗಣಿತದಾಗೆ ಹೆಂಗೆ ಫೇಲಾದೆ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಐದನೇ ಕ್ಲಾಸಿನಾಗೆ ಕಾಮಾಲೆ ಆಗಿತ್ರಿ. ಎಲ್ಡು ತಿಂಗ್ಳು ಅಜ್ಜಿ ಊರಾಗಿದ್ದೆ. ವಾಪಸ್ ಬರೋದ್ರಾಗೆ ಭಿನ್ನರಾಶಿ ಮುಗಿದಿತ್ತು. ಅಲ್ಲಿಂದ ಮುಂದೆ ಬೋರ್ಡಿನ ಮ್ಯಾಲೆ ಏನು ಬರದ್ರೂ ಅರ್ಥ ಆಗ್ಲಿಲ್ರಿ.”

ಅಂಕಪಟ್ಟಿ ಬಂದ ದಿನ ಎಷ್ಟೋ ಮನೆಗಳಲ್ಲಿ ಫೋನಿನ ತೀರ್ಪೇ ಹೊರಬೀಳುತ್ತದೆ. ತಲೆಯಿಲ್ಲ ಎನ್ನುವುದು, ಶಾಲೆ ಬದಲಾಯಿಸುವುದು, ಟ್ಯೂಷನ್ನಿಗೆ ಹಾಕುವುದು, ಆಟ ನಿಲ್ಲಿಸುವುದು, ಎಲ್ಲವೂ ಒಂದೇ ವಾರದಲ್ಲಿ. ಯಾವ ತರಗತಿಯಲ್ಲಿ, ಯಾವ ಪಾಠದಲ್ಲಿ ಮಗು ಗೈರಾಯಿತು ಎಂದು ಹಿಂದಕ್ಕೆ ನಡೆದು ನೋಡಲು ಯಾರಿಗೂ ಪುರುಸೊತ್ತಿಲ್ಲ.

ಬೆಳಗಿನ ಜಾವ ಬ್ಯಾನರ್ ಒಯ್ಯಲು ಬಂದದ್ದು ಅಪ್ಪನ ಆಟೋ. ಯಜಮಾನರು ರಾತ್ರಿಯ ಕಥೆಯನ್ನೆಲ್ಲ ಹೇಳಿದರು. ಕಾಮಾಲೆಯ ವಿಷಯವನ್ನೂ ಬಿಡಲಿಲ್ಲ. ಅಪ್ಪ ಬ್ಯಾನರಿನ ಸುರುಳಿಗೆ ಹಗ್ಗ ಬಿಗಿಯುತ್ತಿದ್ದವರು ನಿಂತರು. “ಹೌದ್ರೀ. ಆ ವರ್ಷ ಬೇರಿನ ಔಷ್ದಿ ಕುಡಿಸಿದ್ವಿ. ಕಣ್ಣು ಬೆಳ್ಳಗಾತು ಅಂತ ಖುಷಿಪಟ್ವಿ. ಪಾಠ ಹೋತಲ್ಲ ಅನ್ನೋದು ನಮಗೆ ಹೊಳೀಲೇ ಇಲ್ಲ,” ಎಂದರು. ಮಗನ ಕಡೆ ನೋಡಲಿಲ್ಲ. ಗಂಟು ಬಿಚ್ಚಿ ಮತ್ತೆ ಹಾಕಿದರು.

ಮುಂದಿನ ಭಾನುವಾರ ಆಟೋದ ಹಿಂದಿನ ಸೀಟಿನಲ್ಲಿ ಒಂದು ಹಳೆಯ ಪುಸ್ತಕ ಬಂತು: ಐದನೆಯ ತರಗತಿಯ ಗಣಿತ. ಹುಡುಗ ಮೂರನೆಯ ಸಲ ಪರೀಕ್ಷೆಗೆ ಕೂರುತ್ತಾನೋ, ಪಾಸಾಗುತ್ತಾನೋ, ಅದು ಮುಂದಿನ ಮಾತು. ಸದ್ಯಕ್ಕೆ ಯಂತ್ರ ಓಡುತ್ತಿರುವಾಗ ಸ್ಟೂಲಿನ ಮೇಲೆ ಕುಳಿತು ಭಿನ್ನರಾಶಿ ಮಾಡುತ್ತಾನೆ.

ಯಂತ್ರದ ಹಿಂದಿನ ಗೋಡೆಯ ಮೇಲೆ ಯಜಮಾನರು ಅವನ ಕೈಯಿಂದಲೇ ಬರೆಸಿದ ಪಟ್ಟಿಯೊಂದಿದೆ. ಮುದ್ರಣ ಕೆಟ್ಟಾಗ ಏನೇನು ನೋಡಬೇಕೆಂಬ ಕ್ರಮ ಅದು: ಟ್ಯಾಂಕು, ಪಂಪು, ಕೊಳವೆ, ಫಿಲ್ಟರ್, ಕೇಬಲ್. ಆರನೆಯದಾಗಿ, ಎಲ್ಲಕ್ಕಿಂತ ಕೆಳಗೆ, ಬಳಪದಲ್ಲಿ ಬರೆದಿದೆ: ಹೆಡ್.