ಶೂಲಗಿರಿಗೆ ಬಿದ್ದ ಆಕಾಶದ ಕಲ್ಲು

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ಹಿಂದೆ ಬಿಟ್ಟು ಹೊಸೂರು ರಸ್ತೆಯಲ್ಲಿ ಸಾಗಿದರೆ ಅತ್ತಿಬೆಲೆಯಲ್ಲಿ ಕರ್ನಾಟಕ ಮುಗಿಯುತ್ತದೆ, ಕನ್ನಡ ಮುಗಿಯುವುದಿಲ್ಲ. ಹೊಸೂರಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಮುಂದೆ ಕೃಷ್ಣಗಿರಿಯ ಹಾದಿಯುದ್ದಕ್ಕೂ ಬೋಳು ಬಂಡೆಗುಡ್ಡಗಳು, ಕಲ್ಲುಗಣಿಗಳು. ಎಲೆಕ್ಟ್ರಾನಿಕ್ ಸಿಟಿಯಿಂದ ಸುಮಾರು 50 ಕಿ.ಮೀ. ದಾಟುವಷ್ಟರಲ್ಲಿ ಶೂಲಗಿರಿ.

ಕಲ್ಲಿಗೆ ಬರವೇ ಇಲ್ಲದ ಈ ಸೀಮೆಗೆ 2008ರ ಸೆಪ್ಟೆಂಬರ್ 12ರಂದು ಆಕಾಶದಿಂದಲೂ ಕಲ್ಲು ಬಿತ್ತು. ಸಿಕ್ಕ ಚೂರುಗಳ ಒಟ್ಟು ತೂಕ ಸುಮಾರು 110 ಕಿಲೊ. ವಿಜ್ಞಾನಿಗಳ ದಾಖಲೆಯಲ್ಲಿ ಅದಕ್ಕೆ ಬಿದ್ದ ಊರಿನ ಹೆಸರೇ ನಿಂತಿದೆ: ಶೂಲಗಿರಿ, ಎಲ್‌ಎಲ್ 6.

ಏನಿದು ಎಲ್‌ಎಲ್ 6? ಅಕ್ಷರ ಕಲ್ಲಿನ ಕುಲವನ್ನು ಹೇಳುತ್ತದೆ, ಅಂಕಿ ಅದು ಪಟ್ಟ ಪಾಡನ್ನು.

ಕುಲ ಗೊತ್ತಾಗುವುದು ಕಬ್ಬಿಣದಿಂದ. ಕಬ್ಬಿಣ ಹೆಚ್ಚಿದ್ದರೆ ಎಚ್, ಕಡಿಮೆಯಿದ್ದರೆ ಎಲ್. ಒಟ್ಟು ಕಬ್ಬಿಣದ ಜೊತೆ ಲೋಹದ ಕಣಗಳೂ ತೀರ ವಿರಳವಾದರೆ ಎಲ್‌ಎಲ್. ಲೋಹವಾಗಿ ಉಳಿಯದ ಕಬ್ಬಿಣ ಆಲಿವೀನ್‌ನಂಥ ಖನಿಜಗಳೊಳಗೆ ಸೇರಿರುತ್ತದೆ. ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಎಲೆಕ್ಟ್ರಾನ್ ಕಿರಣ ಹಾಯಿಸಿ ಆ ಪ್ರಮಾಣವನ್ನು ಅಳೆಯುತ್ತಾರೆ.

ಅಂಕಿ ತಿಳಿಯುವುದು ಹೆಣಿಗೆಯಿಂದ. ಇಂಥ ಕಲ್ಲುಗಳೊಳಗೆ ಕಾಂಡ್ರೂಲ್ ಎಂಬ ಸಾಸಿವೆ ಗಾತ್ರದ ಗುಂಡುಗಳಿರುತ್ತವೆ. 3ನೇ ದರ್ಜೆಯ ಕಲ್ಲಿನಲ್ಲಿ ಅವು ಬಿಡಿಬಿಡಿಯಾಗಿ ಕಾಣುತ್ತವೆ. 6ನೇ ದರ್ಜೆಯಲ್ಲಿ ಹೆಚ್ಚು ಬೆಂದ ಬೇಳೆಯಂತೆ ಅವುಗಳ ಅಂಚು ಸುತ್ತಲಿನದರಲ್ಲಿ ಬೆರೆತುಹೋಗಿರುತ್ತದೆ. ಕಲ್ಲು ಕರಗದೆ, ತನ್ನ ತಾಯಿ ಕ್ಷುದ್ರಗ್ರಹದ ಒಡಲಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಬೆಂದದ್ದಕ್ಕೆ ಇದು ಗುರುತು. ಈ ಲೆಕ್ಕಾಚಾರವನ್ನು 1967ರಲ್ಲಿ ವ್ಯಾನ್ ಶ್ಮುಸ್ ಮತ್ತು ವುಡ್ ರೂಪಿಸಿದರು.

ನಮ್ಮ ನಾಡಿನ ಹಳೆಯ ಕಲ್ಲುಗಳನ್ನೂ ಇದೇ ಒರೆಗೆ ಹಚ್ಚಲಾಗಿದೆ. 1865ರಲ್ಲಿ ಮದ್ದೂರಿಗೆ ಬಿದ್ದದ್ದು ಎಲ್ 5; 1866ರಲ್ಲಿ ಉಡುಪಿಗೆ ಬಿದ್ದದ್ದು ಎಚ್ 5. ಶೂಲಗಿರಿಯದೂ ಸೇರಿದರೆ ಮೂರೂ ಕುಲಗಳು ನಮ್ಮ ಆಸುಪಾಸಿನಲ್ಲೇ ಸಿಕ್ಕಂತಾಯಿತು.

ಜಪಾನಿನ ಹಯಬುಸ ನೌಕೆ ಇಟೊಕಾವ ಎಂಬ ಕ್ಷುದ್ರಗ್ರಹದ ಧೂಳನ್ನು 2010ರಲ್ಲಿ ಭೂಮಿಗೆ ತಂದಿತು. ಪರೀಕ್ಷೆಯಲ್ಲಿ ಆ ಧೂಳು ಹೊಂದಿದ್ದು ಎಲ್‌ಎಲ್ ಕುಲಕ್ಕೇ. ಏಳು ವರ್ಷ ಅಲೆದು ನೌಕೆ ತಂದ ಚಿಟಿಕೆ ಧೂಳಿನ ಬಂಧು ಶೂಲಗಿರಿಯ ಹೊಲಕ್ಕೆ ತಾನಾಗಿ ಬಂದಿತ್ತು!

ಆದರೆ ಇಂಥದ್ದು ಕೈಗೆ ಸಿಕ್ಕರೆ ಗುರುತಿಸುವುದು ಸುಲಭವಲ್ಲ. ಪೀಣ್ಯದಂಥ ಕಾರ್ಖಾನೆ ಪ್ರದೇಶದಲ್ಲಿ ಬಿದ್ದಿರುವ ಕಬ್ಬಿಣದ ಕಿಟ್ಟವೂ ಕಪ್ಪು, ಭಾರ. ಕಿಟ್ಟದಲ್ಲಿ ಸಾಮಾನ್ಯವಾಗಿ ಗುಳ್ಳೆಯ ತೂತುಗಳಿರುತ್ತವೆ. ಉಲ್ಕಾಶಿಲೆಯೊಳಗೆ ಇರುವುದಿಲ್ಲ ಎನ್ನಬಹುದು. ಹೊಸದಾಗಿ ಬಿದ್ದದ್ದಕ್ಕೆ ತೆಳುವಾದ ಕಪ್ಪು ಸಿಪ್ಪೆಯಿದ್ದು ಒಳಗೆ ಬೂದು ಬಣ್ಣ. ಅಯಸ್ಕಾಂತವೊಂದನ್ನೇ ನಂಬುವಂತಿಲ್ಲ: ಎಲ್‌ಎಲ್ ಕುಲದಲ್ಲಿ ಸೆಳೆತ ಬಲು ಕ್ಷೀಣ.

ಹಾಗಾಗಿ ಅನುಮಾನದ ಕಲ್ಲನ್ನು ಒಡೆಯದೆ, ತೊಳೆಯದೆ, ಬಿದ್ದ ಜಾಗವನ್ನು ಗುರುತು ಹಾಕಿಕೊಂಡು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸುವುದು ಲೇಸು. ಮಳೆಯಲ್ಲಿ ನೆನೆದರೆ ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ಶೂಲಗಿರಿ ಸುತ್ತಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಆಕಾಶದಿಂದ ಬಂದ ಈ ಕುಲದ ಕಲ್ಲುಗಳ ಖನಿಜಗಳಿಗೆ ಸುಮಾರು 450 ಕೋಟಿ. ಗೊತ್ತಿಲ್ಲದೆ ಜಲ್ಲಿಯ ರಾಶಿಗೆ ಸೇರಿದರೆ ಭೂಮಿಯಷ್ಟೇ ಹಳೆಯ ಒಂದು ದಾಖಲೆ ರಸ್ತೆಯ ಡಾಂಬರಿನಡಿ ಹೂತುಹೋಗುತ್ತದೆ.