ಬಡ್ತಿಯ ವರ್ಷ

ಚೆನ್ನೈಯಲ್ಲಿ ಗುಮಾಸ್ತರಾದ ನಮಗೆ ಬಡ್ತಿಯೆಂಬ ಮಾತೇ ಸಿಹಿ. ನಮಗೆ ಬಾರದಿದ್ದರೇನು, 2023-24ರಲ್ಲಿ ನಮ್ಮ ಕಾಲ್ಚೆಂಡಿನ ತಂಡಕ್ಕೆ ಬಂತು! ಎಸ್.ಸಿ. ಬೆಂಗಳೂರು ಐ-ಲೀಗ್ 2ರಲ್ಲಿ ಮೊದಲನೆಯದಾಗಿ ಐ-ಲೀಗಿಗೆ ಏರಿತು. ರಾಷ್ಟ್ರೀಯ ಲೀಗನ್ನು ಐದು ಬಾರಿ ಗೆದ್ದಿದ್ದ ಗೋವೆಯ ಡೆಂಪೊ ಎರಡನೆಯದಾಯಿತೆಂದರೆ ಕೇಳಬೇಕೆ? ಹೋಗಿ ನೋಡಲು ರಜೆಯೆಲ್ಲಿ! ಫಲಿತಾಂಶ ತಿಳಿದು ಕಡತಗಳ ಮರೆಯಲ್ಲೇ ಹಿಗ್ಗಿದೆವು.

ಇಲ್ಲಿಯೇ ಹುಟ್ಟಿದ ನಮ್ಮ ಮಗ ಬೆಂಗಳೂರನ್ನು ‘ನಿಮ್ಮ ಊರು’ ಎನ್ನುತ್ತಿದ್ದವನು. ಅಂದು ಎದುರುಮನೆಯ ಹುಡುಗನ ಮುಂದೆ ‘ಎಂಗ ಟೀಮ್’ ಎಂದು ತಮಿಳಿನಲ್ಲಿಯೇ ಜಂಬ ಕೊಚ್ಚಿಕೊಂಡ. ತಿದ್ದಲು ಮನಸ್ಸು ಬರಲಿಲ್ಲ.

ಮರುವರ್ಷವೇ ತಂಡಕ್ಕೆ ಹಿಂಬಡ್ತಿ. ಎರಡು ದಿನ ಅವನಿಗೆ ಹೇಳದೆ ಮುಚ್ಚಿಟ್ಟೆವು. ತಿಳಿದಾಗ ಅವನು ಕೇಳಿದ್ದಿಷ್ಟೆ: “ನಮ್ಮೋರು ಮತ್ತೆ ಯಾವಾಗ ಮೇಲಕ್ಕೆ ಬರ್ತಾರಪ್ಪಾ?”